ಒಂದೇ ಮಾತ್ರೆ, ಇಬ್ಬರು ಮನುಷ್ಯರು: ಔಷಧದ ಪುರಾವೆಯನ್ನು ತೂಗಿ ನೋಡುವ ಬಗೆ

ನಮ್ಮ ಸೋದರತ್ತೆಯ ಮನೆಯ ಊಟದ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇದೆ. ಗಂಡ ಹೆಂಡತಿ ಇಬ್ಬರ ಮಾತ್ರೆಗಳೂ ಅದರಲ್ಲೇ ಇರುತ್ತವೆ. ಕೆಲವು ವರ್ಷಗಳ ಹಿಂದೆ ಮಾವನಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದರು. ಅಂದಿನಿಂದ ಅವರು ದಿನಕ್ಕೊಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದಾರೆ. ಕಳೆದ ವರ್ಷ ಅತ್ತೆಯ ಮೊಬೈಲಿಗೆ ಒಂದು ಸಂದೇಶ ಬಂತು: ಅರವತ್ತು ದಾಟಿದವರೆಲ್ಲ ದಿನವೂ ಆಸ್ಪಿರಿನ್ ನುಂಗಿದರೆ ಹೃದಯಾಘಾತ ಹತ್ತಿರ ಸುಳಿಯುವುದಿಲ್ಲ ಎಂದು. ಮಾತ್ರೆ ಹೇಗೂ ಡಬ್ಬಿಯಲ್ಲೇ ಇತ್ತು. ಎಪ್ಪತ್ತೆರಡು ವರ್ಷದ, ಹೃದಯದ ತೊಂದರೆಯನ್ನು ಎಂದೂ ಕಾಣದ ಅತ್ತೆ ಮಾವನ ಸ್ಟ್ರಿಪ್ಪಿನಿಂದಲೇ ತಾವೂ ಒಂದೊಂದು ತೆಗೆದುಕೊಳ್ಳತೊಡಗಿದರು. ನನಗೆ ವಿಷಯ ತಿಳಿಯುವ ಹೊತ್ತಿಗೆ ಮೂರು ತಿಂಗಳಾಗಿತ್ತು. ಗಾಬರಿಯಿಂದ ಬೇಡವೆಂದಾಗ ಅವರು ಕೇಳಿದರು: “ಅವರಿಗೆ ಒಳ್ಳೇದು ಮಾಡೋ ಮಾತ್ರೆ ನನಗೆ ಕೆಟ್ಟದ್ದು ಮಾಡುತ್ತೇನಮ್ಮಾ?”

ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ‘ಡಾಕ್ಟರನ್ನು ಕೇಳಿ’ ಎಂದಷ್ಟೇ ಹೇಳಿ ಜಾರಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಒಂದು ಔಷಧದ ಬಗ್ಗೆ ಕೇಳಿದ ಮಾತನ್ನು ಸಾಮಾನ್ಯ ಓದುಗರು ಹೇಗೆ ಪರೀಕ್ಷಿಸಬಹುದು ಎಂಬುದನ್ನು ಆ ಪ್ರಶ್ನೆಯನ್ನೇ ಹಿಡಿದುಕೊಂಡು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಶುರುವಿನಲ್ಲೇ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ತಲೆನೋವಿಗೆ ಮಾತ್ರೆ ನುಂಗಿದವರಿಗೆ ಗಂಟೆಯೊಳಗೆ ಅದು ಕೆಲಸ ಮಾಡಿತೋ ಇಲ್ಲವೋ ತಿಳಿಯುತ್ತದೆ. ಕಾಯಿಲೆ ಬಾರದಂತೆ ತಡೆಯಲು ಕೊಡುವ ಔಷಧಕ್ಕೆ ಈ ಅನುಕೂಲವಿಲ್ಲ. ಹತ್ತು ವರ್ಷ ಮಾತ್ರೆ ನುಂಗಿದವರಿಗೆ ಹೃದಯಾಘಾತ ಆಗಲಿಲ್ಲವೆಂದರೆ ಅದು ಮಾತ್ರೆಯಿಂದಲೋ, ಇಲ್ಲದಿದ್ದರೂ ಆಗುತ್ತಿರಲಿಲ್ಲವೋ ಎಂಬುದನ್ನು ಅವರಾಗಲಿ, ಅವರ ವೈದ್ಯರಾಗಲಿ ಹೇಳಲಾರರು. ಆದ್ದರಿಂದ ‘ನಾನು ತೆಗೆದುಕೊಂಡೆ, ನನಗೇನೂ ಆಗಲಿಲ್ಲ’ ಎಂಬ ಮಾತು, ಎಷ್ಟೇ ಪ್ರಾಮಾಣಿಕವಾಗಿದ್ದರೂ, ಇಂಥ ಔಷಧದ ವಿಷಯದಲ್ಲಿ ಏನನ್ನೂ ತೋರಿಸುವುದಿಲ್ಲ. ಮಾತ್ರೆ ತೆಗೆದುಕೊಂಡ ಸಾವಿರಾರು ಜನರನ್ನೂ ತೆಗೆದುಕೊಳ್ಳದ ಅಷ್ಟೇ ಜನರನ್ನೂ ಅಕ್ಕಪಕ್ಕದಲ್ಲಿಟ್ಟು ಎಣಿಸಿದಾಗ ಮಾತ್ರ ಉತ್ತರ ಕಾಣಿಸುತ್ತದೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಪೂರ್ತಿಯಾಗಿ ಬರೆದುಕೊಳ್ಳಿ

‘ಆಸ್ಪಿರಿನ್ ಒಳ್ಳೆಯದೇ?’ ಎಂಬುದಕ್ಕೆ ಉತ್ತರವೇ ಇಲ್ಲ. ಯಾರಿಗೆ, ಯಾವ ಔಷಧ ಎಷ್ಟು, ಅದರ ಬದಲಿಗೆ ಏನು, ಯಾವ ಫಲಕ್ಕಾಗಿ, ಎಷ್ಟು ಕಾಲ ಎಂಬ ಐದೂ ಸೇರಿದಾಗಲೇ ಅದು ಪ್ರಶ್ನೆಯಾಗುತ್ತದೆ. ಅತ್ತೆಯ ವಿಷಯದಲ್ಲಿ ನಾವು ಒಂದು ಹಾಳೆಯಲ್ಲಿ ಹೀಗೆ ಬರೆದೆವು: ‘ಎಪ್ಪತ್ತು ದಾಟಿದ, ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಎಂದೂ ಆಗದ ಒಬ್ಬ ಮಹಿಳೆ, ಏನೂ ತೆಗೆದುಕೊಳ್ಳದೆ ಇರುವುದರ ಬದಲು ದಿನವೂ ಕಡಿಮೆ ಪ್ರಮಾಣದ ಆಸ್ಪಿರಿನ್ ತೆಗೆದುಕೊಂಡರೆ, ನಾಲ್ಕೈದು ವರ್ಷಗಳಲ್ಲಿ ಆಕೆಗೆ ಆಗುವ ಲಾಭವೇನು, ನಷ್ಟವೇನು?’ ಮಾವನ ಪ್ರಶ್ನೆಯನ್ನು ಬರೆಯಲು ಹೊರಟಾಗ ಮೊದಲ ಸಾಲೇ ಬೇರೆಯಾಯಿತು. ಗೊಂದಲದ ಅರ್ಧ ಭಾಗ ಅಲ್ಲಿಯೇ ಬಗೆಹರಿಯಿತು.

ಎರಡನೆಯ ಹೆಜ್ಜೆ: ಹೋಲಿಕೆ ನ್ಯಾಯವಾಗಿತ್ತೇ ನೋಡಿ

ಔಷಧ ಪಡೆದವರು ಚೇತರಿಸಿಕೊಂಡರು ಎಂಬುದು ಪುರಾವೆಯಲ್ಲ. ಅಂಥವರೇ ಔಷಧ ಪಡೆಯದೆ ಹೇಗಿದ್ದರು ಎಂಬುದೂ ಬೇಕು. ಆ ಎರಡು ಗುಂಪುಗಳು ಒಂದನ್ನೊಂದು ಹೋಲುವಂತೆ ಮಾಡಲು ಇರುವ ಗಟ್ಟಿಯಾದ ಉಪಾಯವೆಂದರೆ ಚೀಟಿ ಎತ್ತಿದಂತೆ ಹಂಚುವುದು. ಯಾರು ಯಾವ ಗುಂಪಿಗೆ ಎಂಬುದನ್ನು ರೋಗಿಯೂ ವೈದ್ಯರೂ ಆರಿಸದೆ, ಅದನ್ನು ಅದೃಷ್ಟಕ್ಕೆ ಬಿಡುವುದು. 1948ರಲ್ಲಿ ಪ್ರಕಟವಾದ, ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಪ್ರಯೋಗ ಈ ಮಾದರಿಗೆ ಹೆಸರಾದದ್ದು: ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಜನ ತೀರಿಕೊಂಡರೆ, ಹಾಸಿಗೆಯಲ್ಲಿ ವಿಶ್ರಾಂತಿಯನ್ನಷ್ಟೇ ಪಡೆದ 52 ಮಂದಿಯಲ್ಲಿ 14 ಜನ ತೀರಿಕೊಂಡರು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಮದ್ರಾಸಿನದು. ಕ್ಷಯ ವಾಸಿಯಾಗಬೇಕಾದರೆ ಸ್ಯಾನಟೋರಿಯಂ ಸೇರಬೇಕು, ಒಳ್ಳೆಯ ಗಾಳಿ, ಪುಷ್ಟಿಯ ಊಟ, ತಿಂಗಳುಗಟ್ಟಲೆ ವಿಶ್ರಾಂತಿ ಬೇಕು ಎಂದು ಲೋಕವೆಲ್ಲ ನಂಬಿದ್ದ ಕಾಲವದು. ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂ ಹುಟ್ಟಿದ್ದೂ ಆ ನಂಬಿಕೆಯ ಯುಗದಲ್ಲೇ. 1950ರ ದಶಕದ ಕೊನೆಯಲ್ಲಿ ಮದ್ರಾಸಿನ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ 193 ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವರಿಗೆ ಸ್ಯಾನಟೋರಿಯಂನಲ್ಲಿಯೂ ಕೆಲವರಿಗೆ ಅವರವರ ಮನೆಯಲ್ಲಿಯೂ ಒಂದು ವರ್ಷ ಅದೇ ಔಷಧವನ್ನು ಕೊಟ್ಟಿತು. ಮನೆಯಲ್ಲಿದ್ದವರು ಬಡವರು, ಇಕ್ಕಟ್ಟಾದ ಮನೆ, ಸಾಲದ ಊಟ, ವಿಶ್ರಾಂತಿಯೂ ಕಡಿಮೆ. ಆದರೂ ಅವರು ಗುಣವಾದ ಪ್ರಮಾಣ ಸ್ಯಾನಟೋರಿಯಂನವರಿಗೆ ಹತ್ತಿರವೇ ಇತ್ತು, ಮನೆಯ ಇತರರಿಗೆ ಕಾಯಿಲೆ ಹೆಚ್ಚು ಹರಡಲೂ ಇಲ್ಲ. 1959ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಜಗತ್ತಿನ ಕ್ಷಯ ಚಿಕಿತ್ಸೆಯ ನೀತಿಯೇ ಬದಲಾಯಿತು. ಚೀಟಿ ಎತ್ತದೆ ಮನೆಯವರನ್ನೂ ಸ್ಯಾನಟೋರಿಯಂನವರನ್ನೂ ಸುಮ್ಮನೆ ಹೋಲಿಸಿದ್ದರೆ, ಹಣವಿದ್ದವರು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ ಸೇರಿ, ಆ ಲೆಕ್ಕಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಹಾಗೆ ಸುಮ್ಮನೆ ಹೋಲಿಸಿ ಮೋಸಹೋದ ಪ್ರಸಂಗವೂ ಇದೆ. ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿ ಹೃದ್ರೋಗ ಕಡಿಮೆ ಎಂದು ಅಮೆರಿಕದ ದೊಡ್ಡ ಅಧ್ಯಯನಗಳು ವರ್ಷಗಟ್ಟಲೆ ಹೇಳಿದ್ದವು. 2002ರಲ್ಲಿ ಪ್ರಕಟವಾದ, 16,608 ಮಹಿಳೆಯರನ್ನು ಚೀಟಿ ಎತ್ತಿದಂತೆ ಹಂಚಿ ನೋಡಿದ ಪ್ರಯೋಗದಲ್ಲಿ, ಈಸ್ಟ್ರೊಜನ್ ಮತ್ತು ಪ್ರೊಜೆಸ್ಟಿನ್ ಸೇರಿದ ಮಾತ್ರೆ ಪಡೆದವರಲ್ಲಿ ಹೃದ್ರೋಗ ಕಡಿಮೆಯಾಗುವ ಬದಲು ತುಸು ಹೆಚ್ಚೇ ಕಂಡಿತು. ಸ್ತನ ಕ್ಯಾನ್ಸರ್ ಕೂಡ ಹೆಚ್ಚಾಗಿದ್ದರಿಂದ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಮೊದಲಿನ ಅಧ್ಯಯನಗಳಲ್ಲಿ ಮಾತ್ರೆ ಕೇಳಿ ಪಡೆದಿದ್ದವರು ಹೆಚ್ಚು ಅನುಕೂಲವಿದ್ದ, ತಮ್ಮ ಆರೋಗ್ಯವನ್ನು ಚೆನ್ನಾಗಿ ನೋಡಿಕೊಳ್ಳುವ ಹೆಂಗಸರೇ ಆಗಿದ್ದರೆಂಬುದು ಈ ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ.

ಕೋವಿಡ್ ಕಾಲದಲ್ಲಿ ಗುಣವಾದವರ ರಕ್ತದಿಂದ ತೆಗೆದು ರೋಗಿಗಳಿಗೆ ಕೊಡುತ್ತಿದ್ದ ಪ್ಲಾಸ್ಮಾ ನಮಗೆಲ್ಲ ನೆನಪಿದೆ. ಅಣ್ಣನಿಗೋ ಅಪ್ಪನಿಗೋ ಪ್ಲಾಸ್ಮಾ ಕೊಡುವವರು ಬೇಕೆಂದು ಬೆಂಗಳೂರಿನ ಕುಟುಂಬಗಳು ನಡುರಾತ್ರಿ ಫೋನ್ ಮಾಡುತ್ತಿದ್ದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ವರದಿ 2020ರ ಅಕ್ಟೋಬರಿನಲ್ಲೇ ಪ್ರಕಟವಾಗಿತ್ತು: ಕಾಯಿಲೆ ತೀವ್ರವಾದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ ಶೇ. 19, ಪಡೆಯದವರಲ್ಲಿ ಶೇ. 18. ಆದರೂ ದೇಶದ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಟ್ಟದ್ದು 2021ರ ಮೇ ತಿಂಗಳಲ್ಲಿ. ನಡುವಿನ ಆ ಏಳು ತಿಂಗಳ ಅಲೆದಾಟವನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮೂರನೆಯ ಹೆಜ್ಜೆ: ಏನನ್ನು ಅಳೆದರು ಎಂದು ಕೇಳಿ

ಓದುಗರು ಹೆಚ್ಚಾಗಿ ಎಡವುವುದು ಇಲ್ಲಿಯೇ. ರಕ್ತಪರೀಕ್ಷೆಯ ಸಂಖ್ಯೆ ಇಳಿದದ್ದು ಬೇರೆ, ಮನುಷ್ಯ ಹೆಚ್ಚು ದಿನ ಬದುಕಿದ್ದು ಬೇರೆ. ಒಂದರಿಂದ ಇನ್ನೊಂದು ತಾನಾಗಿ ಬರುತ್ತದೆ ಎಂದು ಊಹಿಸಿದ್ದಕ್ಕೆ ಜನ ಪ್ರಾಣದ ಬೆಲೆ ತೆತ್ತಿದ್ದಾರೆ.

ಹೃದಯಾಘಾತದ ನಂತರ ಕೆಲವರ ಎದೆಬಡಿತ ನಡುನಡುವೆ ತಾಳ ತಪ್ಪುತ್ತದೆ. ಅಂಥವರಲ್ಲಿ ಹಠಾತ್ ಸಾವು ಹೆಚ್ಚು ಎಂಬುದು ಗೊತ್ತಿತ್ತು. ತಾಳ ತಪ್ಪುವುದನ್ನು ತಡೆಯುವ ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳಿದ್ದವು, ಮತ್ತು ಇಸಿಜಿಯಲ್ಲಿ ಅವು ನಿಜವಾಗಿಯೂ ಬಡಿತವನ್ನು ಸರಿಪಡಿಸುತ್ತಿದ್ದವು. ತಪ್ಪು ಬಡಿತ ನಿಂತರೆ ಸಾವೂ ಕಡಿಮೆಯಾಗಲೇಬೇಕು ಎಂಬ ತರ್ಕ ಎಷ್ಟು ಸಹಜವಾಗಿತ್ತೆಂದರೆ, ಅಮೆರಿಕದಲ್ಲಿ ಬಹಳ ಮಂದಿಗೆ ಇವನ್ನು ಬರೆದುಕೊಡುತ್ತಿದ್ದರು. ಕೊನೆಗೆ ಹುಸಿ ಮಾತ್ರೆಯೊಂದಿಗೆ (ನೋಡಲು ಅದೇ ತರಹ, ಒಳಗೆ ಔಷಧವಿಲ್ಲ) ಹೋಲಿಸಿ ನೋಡಿದಾಗ, 1991ರಲ್ಲಿ ಪ್ರಕಟವಾದ ಲೆಕ್ಕದಂತೆ, ಔಷಧ ಪಡೆದ 755 ಮಂದಿಯಲ್ಲಿ 63 ಜನ ಸತ್ತಿದ್ದರು. ಹುಸಿ ಮಾತ್ರೆ ಪಡೆದ 743 ಮಂದಿಯಲ್ಲಿ 26 ಜನ. ಇಸಿಜಿ ಚೆನ್ನಾಗಿತ್ತು, ಸಾವು ಎರಡು ಪಟ್ಟು ಮೀರಿತ್ತು. ‘ಒಳ್ಳೆಯ ಕೊಲೆಸ್ಟರಾಲ್’ ಎನ್ನುವ ಎಚ್‌ಡಿಎಲ್ ಅನ್ನು ಎಗ್ಗಿಲ್ಲದೆ ಏರಿಸಿದ ಟಾರ್ಸೆಟ್ರಾಪಿಬ್ ಎಂಬ ಔಷಧದ ಕಥೆಯೂ ಹೀಗೆಯೇ. ಅದನ್ನು ಪಡೆದವರಲ್ಲಿ ಸಾವು ಹೆಚ್ಚಾದದ್ದು ಕಂಡು 2006ರ ಡಿಸೆಂಬರಿನಲ್ಲಿ ಪ್ರಯೋಗವನ್ನೇ ನಿಲ್ಲಿಸಿದರು.

ಆದ್ದರಿಂದ ಯಾವುದೇ ಸುದ್ದಿಯಲ್ಲಿ ‘ಸಕ್ಕರೆ ಇಳಿಯಿತು’, ‘ಉರಿಯೂತದ ಅಂಶ ತಗ್ಗಿತು’, ‘ಮೂಳೆಯ ಸಾಂದ್ರತೆ ಹೆಚ್ಚಿತು’ ಎಂದಿದ್ದರೆ, ಮುಂದಿನ ಪ್ರಶ್ನೆಯನ್ನು ನೀವೇ ಕೇಳಬೇಕು: ಹೃದಯಾಘಾತ, ಮೂಳೆ ಮುರಿತ, ಆಸ್ಪತ್ರೆ ಸೇರುವುದು, ಸಾವು ಇವುಗಳಲ್ಲಿ ಯಾವುದು ಕಡಿಮೆಯಾಯಿತು? ಆಯುರ್ವೇದದ ಚೂರ್ಣಕ್ಕೂ ವಿದೇಶೀ ಕಂಪನಿಯ ಹೊಸ ಚುಚ್ಚುಮದ್ದಿಗೂ ಇದೇ ಅಳತೆಗೋಲು.

ನಾಲ್ಕನೆಯ ಹೆಜ್ಜೆ: ಶೇಕಡಾವನ್ನು ತಲೆ ಎಣಿಕೆಗೆ ಇಳಿಸಿ

ಇದಕ್ಕೆ ಪೆನ್ನು ಹಿಡಿದು ಕೂರಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಮುಂದೆ ನಿಂತು ನಡೆಸಿದ ಪಾಲಿಪಿಲ್ ಅಧ್ಯಯನಗಳನ್ನೇ ತೆಗೆದುಕೊಳ್ಳೋಣ. ಬಿಪಿ ಮತ್ತು ಕೊಲೆಸ್ಟರಾಲ್ ಇಳಿಸುವ ಹಲವು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸುವುದು ಪಾಲಿಪಿಲ್. 2009ರಲ್ಲಿ ಪ್ರಕಟವಾದ, ದೇಶದ 50 ಕೇಂದ್ರಗಳಲ್ಲಿ 2,053 ಮಂದಿಯ ಮೇಲೆ ಮಾಡಿದ ಮೊದಲ ಅಧ್ಯಯನ 12 ವಾರಗಳದ್ದು. ಅದರಲ್ಲಿ ಅಳೆದದ್ದು ಬಿಪಿ, ಕೊಲೆಸ್ಟರಾಲ್‌ನಂಥವನ್ನು ಮಾತ್ರ. ಮೂರನೆಯ ಹೆಜ್ಜೆಯ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕಿದ್ದು 2021ರಲ್ಲಿ ಪ್ರಕಟವಾದ, ಹಲವು ದೇಶಗಳಲ್ಲಿ ನಡೆದ ಇನ್ನೊಂದು ಪ್ರಯೋಗ. ಅದರಲ್ಲಿದ್ದ 5,713 ಜನರಲ್ಲಿ ಸುಮಾರು ಅರ್ಧದಷ್ಟು ಭಾರತದವರು. ಯಾರಿಗೂ ಮೊದಲು ಹೃದ್ರೋಗವಿರಲಿಲ್ಲ, ಆದರೆ ಬರುವ ಅಪಾಯ ಸ್ವಲ್ಪ ಹೆಚ್ಚಿತ್ತು.

ಸರಾಸರಿ 4.6 ವರ್ಷಗಳ ನಂತರ, ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಮುಂತಾದವುಗಳಲ್ಲಿ ಒಂದಾದರೂ ಆದವರು ಪಾಲಿಪಿಲ್ ಪಡೆದವರಲ್ಲಿ ಶೇ. 4.4, ಹುಸಿ ಮಾತ್ರೆ ಪಡೆದವರಲ್ಲಿ ಶೇ. 5.5. ಇದನ್ನು ಪತ್ರಿಕೆಯಲ್ಲಿ ‘ಅಪಾಯ ಶೇ. 21ರಷ್ಟು ಇಳಿಕೆ’ ಎಂದು ಹಾಕಬಹುದು, ಅದು ಸುಳ್ಳಲ್ಲ. ಆದರೆ ನೂರು ಜನರನ್ನು ಒಂದು ಕೋಣೆಯಲ್ಲಿ ಕೂರಿಸಿ ಎಣಿಸಿದರೆ, ಮಾತ್ರೆ ಇಲ್ಲದೆ ಐದು ಅಥವಾ ಆರು ಮಂದಿಗೆ ತೊಂದರೆಯಾಗುವ ಕಡೆ, ಮಾತ್ರೆಯಿಂದ ನಾಲ್ಕು ಅಥವಾ ಐದು ಮಂದಿಗೆ ಆಗುತ್ತದೆ. ಕಳೆಯಿರಿ: 5.5ರಲ್ಲಿ 4.4 ಹೋದರೆ 1.1. ನೂರನ್ನು ಅದರಿಂದ ಭಾಗಿಸಿ: ಸುಮಾರು 90. ಎಂದರೆ ಒಬ್ಬರಿಗೆ ಬರುವುದನ್ನು ತಪ್ಪಿಸಲು ಸುಮಾರು 90 ಮಂದಿ ನಾಲ್ಕೂವರೆ ವರ್ಷ ದಿನವೂ ಮಾತ್ರೆ ನುಂಗಬೇಕು. ಅಗ್ಗದ ಮಾತ್ರೆಯಾದರೆ ಇಡೀ ದೇಶದ ಲೆಕ್ಕದಲ್ಲಿ ಇದು ದೊಡ್ಡ ಲಾಭವೇ. ಒಬ್ಬ ವ್ಯಕ್ತಿಯ ಲೆಕ್ಕದಲ್ಲಿ ಯೋಚಿಸಿ ತೀರ್ಮಾನಿಸಬೇಕಾದ ವಿಷಯ.

ಅದೇ ವರದಿಯಲ್ಲಿ ಇನ್ನೊಂದು ಸಂಖ್ಯೆಯಿದೆ, ಅದನ್ನೂ ಓದಿ. ಅಪಾಯದ ಅನುಪಾತ (1 ಎಂದರೆ ಎರಡೂ ಗುಂಪಿಗೆ ಒಂದೇ ಅಪಾಯ) 0.79 ಎಂದು ಬರೆದು, ಮುಂದೆ 0.63ರಿಂದ 1.00 ಎಂದು ಒಂದು ವ್ಯಾಪ್ತಿ ಕೊಟ್ಟಿದ್ದಾರೆ. ನಿಜವಾದ ಪರಿಣಾಮ ಶೇ. 37ರ ಇಳಿಕೆಯಿಂದ ಹಿಡಿದು ‘ಏನೂ ಇಲ್ಲ’ ಎನ್ನುವವರೆಗೆ ಎಲ್ಲಿಯಾದರೂ ಇರಬಹುದು ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು. ವ್ಯಾಪ್ತಿ 1ನ್ನು ಮುಟ್ಟಿದಾಗಲೋ ದಾಟಿದಾಗಲೋ ದನಿ ತಗ್ಗಿಸಿ ಮಾತಾಡಬೇಕು.

ಇದನ್ನು ಕೊಲೆಸ್ಟರಾಲ್ ಇಳಿಸುವ ಸಿಮ್ವಾಸ್ಟಾಟಿನ್ ಎಂಬ ಔಷಧದ 1994ರ ಪ್ರಯೋಗದ ಪಕ್ಕದಲ್ಲಿಡಿ. ಉತ್ತರ ಯುರೋಪಿನಲ್ಲಿ ನಡೆದ ಅದರಲ್ಲಿ 4,444 ಮಂದಿ ಇದ್ದರು, ಎಲ್ಲರಿಗೂ ಆಗಲೇ ಹೃದಯಾಘಾತವೋ ಎದೆನೋವೋ ಆಗಿತ್ತು. ಐದೂವರೆ ವರ್ಷಗಳ ಆಸುಪಾಸಿನಲ್ಲಿ ಹುಸಿ ಮಾತ್ರೆಯವರಲ್ಲಿ 256 ಜನ, ಔಷಧ ಪಡೆದವರಲ್ಲಿ 182 ಜನ ತೀರಿಕೊಂಡರು. ಸುಮಾರು 30 ಮಂದಿಗೆ ಒಂದು ಜೀವ ಉಳಿದ ಲೆಕ್ಕ. ಈಗಾಗಲೇ ಕಾಯಿಲೆ ಇದ್ದವರಲ್ಲಿ ಔಷಧದ ಲಾಭ ದೊಡ್ಡದಾಗಿ ಕಾಣುವುದು, ಅವರ ಅಪಾಯವೇ ದೊಡ್ಡದಾಗಿರುವುದರಿಂದ.

ಐದನೆಯ ಹೆಜ್ಜೆ: ನಷ್ಟವನ್ನೂ ಅದೇ ತಕ್ಕಡಿಯಲ್ಲಿಡಿ

ಲಾಭವನ್ನು ಶೇಕಡಾದಲ್ಲಿ ಹೇಳಿ, ಅಡ್ಡಪರಿಣಾಮವನ್ನು ‘ಅಪರೂಪ’ ಎಂಬ ಒಂದು ಪದದಲ್ಲಿ ಮುಗಿಸುವ ಬರಹವನ್ನು ನಂಬಬೇಡಿ. ಎರಡನ್ನೂ ಒಂದೇ ಅಳತೆಯಲ್ಲಿ ಬರೆಯಬೇಕು. ಅತ್ತೆಯ ಪ್ರಶ್ನೆಗೆ ನೇರವಾಗಿ ಒಪ್ಪುವ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಮಂದಿ ಆರೋಗ್ಯವಂತ ಹಿರಿಯರು, ಬಹುತೇಕ ಎಲ್ಲರೂ ಎಪ್ಪತ್ತು ತುಂಬಿದವರು. ಅರ್ಧದಷ್ಟು ಜನರಿಗೆ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಹುಸಿ ಮಾತ್ರೆ. ಸಾವಿರ ಜನರನ್ನು ಒಂದು ವರ್ಷ ನೋಡಿದರೆ, ಹೃದಯ ಮತ್ತು ರಕ್ತನಾಳದ ಕಾಯಿಲೆ ಆಸ್ಪಿರಿನ್ ಪಡೆದವರಲ್ಲಿ 10.7, ಪಡೆಯದವರಲ್ಲಿ 11.3, ಈ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು. ಮಿದುಳಿನಲ್ಲೋ ಹೊಟ್ಟೆಯಲ್ಲೋ ಆಗುವಂಥ ದೊಡ್ಡ ರಕ್ತಸ್ರಾವ ಮಾತ್ರ 8.6 ಮತ್ತು 6.2. ಈ ಅಂತರ ಆಕಸ್ಮಿಕವಲ್ಲ.

ಮಾವನ ಕಡೆಗೆ ಬನ್ನಿ. 1988ರ ಒಂದು ಅಂತರರಾಷ್ಟ್ರೀಯ ಪ್ರಯೋಗದಲ್ಲಿ, ಹೃದಯಾಘಾತವಾಗಿದೆ ಎಂಬ ಶಂಕೆಯಿಂದ ಆಸ್ಪತ್ರೆಗೆ ಬಂದ 17,187 ಮಂದಿಯನ್ನು ನೋಡಿದ್ದರು. ಐದು ವಾರಗಳಲ್ಲಿ ಹೃದಯ ಹಾಗೂ ರಕ್ತನಾಳದ ಕಾರಣದಿಂದ ಸತ್ತವರು ಆಸ್ಪಿರಿನ್ ಪಡೆದವರಲ್ಲಿ ಶೇ. 9.4, ಪಡೆಯದವರಲ್ಲಿ ಶೇ. 11.8. ಸಾವಿರಕ್ಕೆ 24 ಜೀವ, ಅದೂ ಐದೇ ವಾರದಲ್ಲಿ. ಹೃದಯಾಘಾತವಾದವರು ಮುಂದೆ ವರ್ಷಗಟ್ಟಲೆ ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡರೂ ಲಾಭವಿದೆಯೆಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ತೋರಿಸಿದೆ. ರಕ್ತಸ್ರಾವದ ಅಪಾಯ ಮಾವನಿಗೂ ಇದೆ. ಆದರೆ ಅವರ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ತೂಕವಿದೆ, ಅತ್ತೆಯ ತಟ್ಟೆಯಲ್ಲಿಲ್ಲ.

ಆರನೆಯ ಹೆಜ್ಜೆ: ‘ಇಂಥವರಿಗೆ ಮಾತ್ರ’ ಎಂಬ ಮಾತನ್ನು ಎಚ್ಚರದಿಂದ ಕೇಳಿ

ಆ 1988ರ ಪ್ರಯೋಗದವರು ರೋಗಿಗಳನ್ನು ಹುಟ್ಟಿದ ರಾಶಿಯ ಪ್ರಕಾರ ವಿಂಗಡಿಸಿಯೂ ಲೆಕ್ಕ ಹಾಕಿ ತೋರಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ನಿಂದ ಕೆಡುಕೇ ಆದಂತೆ ಕಂಡಿತು, ಉಳಿದವರಿಗೆ ಭರ್ಜರಿ ಲಾಭ! ಒಟ್ಟು ಫಲವನ್ನು ಚೂರು ಚೂರು ಮಾಡಿದರೆ ಯಾವುದೋ ಒಂದು ಚೂರು ಬರೀ ಅದೃಷ್ಟದಿಂದ ಉಲ್ಟಾ ಕಾಣುತ್ತದೆ ಎಂಬುದನ್ನು ಮನದಟ್ಟು ಮಾಡಲು ಅವರು ಬೇಕೆಂದೇ ಹೀಗೆ ಮಾಡಿದ್ದರು.

ಹಾಗೆಂದು ಒಳಗುಂಪುಗಳೆಲ್ಲ ಸುಳ್ಳಲ್ಲ. ಕೋವಿಡ್‌ಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು ನೋಡಿದ ಬ್ರಿಟನ್ನಿನ 2020ರ ಪ್ರಯೋಗದಲ್ಲಿ, ವೆಂಟಿಲೇಟರ್ ಮೇಲಿದ್ದವರಲ್ಲಿ 28 ದಿನಗಳ ಸಾವು ಶೇ. 41.4ರಿಂದ 29.3ಕ್ಕೆ ಇಳಿಯಿತು, ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಶೇ. 26.2ರಿಂದ 23.3ಕ್ಕೆ, ಆಮ್ಲಜನಕವೇ ಬೇಡವಾಗಿದ್ದವರಲ್ಲಿ ಲಾಭವಿರಲಿಲ್ಲ, ಶೇ. 14.0 ಇದ್ದದ್ದು 17.8 ಆಗಿ ಕೆಡುಕಿನ ಸುಳಿವೂ ಇತ್ತು. ಇಲ್ಲಿ ಗುಂಪುಗಳನ್ನು ಫಲಿತಾಂಶ ನೋಡುವ ಮೊದಲೇ ಗೊತ್ತುಮಾಡಿದ್ದರು, ಕಾಯಿಲೆಯ ತೀವ್ರತೆಗೆ ತಕ್ಕಂತೆ ಫಲ ಮೆಟ್ಟಿಲು ಮೆಟ್ಟಿಲಾಗಿ ಬದಲಾಗಿತ್ತು, ಮತ್ತು ಅದಕ್ಕೆ ದೇಹಧರ್ಮದ ಕಾರಣವೂ ಇತ್ತು. ಆಮ್ಲಜನಕ ಬೇಡವಾಗಿದ್ದವರ ಆ ಲೆಕ್ಕವನ್ನು ಯಾರೂ ಓದದೆ, ಎರಡನೆಯ ಅಲೆಯಲ್ಲಿ ಮನೆಯಲ್ಲೇ ಜ್ವರದ ಮೊದಲ ದಿನದಿಂದ ಸ್ಟೀರಾಯ್ಡ್ ನುಂಗಿದವರನ್ನು ನಾನು ಕಂಡಿದ್ದೇನೆ.

ಏಳನೆಯ ಹೆಜ್ಜೆ: ಬೆಳಕಿಗೆ ಬಾರದ್ದನ್ನು ಹುಡುಕಿ

ಚೆನ್ನಾಗಿ ಬಂದ ಫಲಿತಾಂಶ ಪ್ರಕಟವಾಗುತ್ತದೆ, ಬಾರದ್ದು ಕಪಾಟು ಸೇರುತ್ತದೆ. ಖಿನ್ನತೆಯ ಔಷಧಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರ ಬಳಿ ದಾಖಲಾಗಿದ್ದ 74 ಪ್ರಯೋಗಗಳನ್ನು 2008ರಲ್ಲಿ ಪರಿಶೀಲಿಸಿದಾಗ, ಪ್ರಕಟವಾದ ಬರಹಗಳ ಪ್ರಕಾರ ಶೇ. 94 ಪ್ರಯೋಗಗಳು ಯಶಸ್ವಿ; ನಿಯಂತ್ರಕರ ಕಡತದ ಪ್ರಕಾರ ಶೇ. 51 ಮಾತ್ರ. ಇದಕ್ಕಾಗಿಯೇ ಪ್ರಯೋಗಗಳನ್ನು ಶುರುವಿಗೆ ಮೊದಲೇ ನೋಂದಾಯಿಸುವ ಪದ್ಧತಿ ಬಂದಿದೆ. ನಮ್ಮ ದೇಶದ ನೋಂದಣಿ ತಾಣ ಸಿಟಿಆರ್‌ಐ 2007ರಲ್ಲಿ ಆರಂಭವಾಗಿ, 2009ರ ಜೂನ್‌ನಿಂದ ನೋಂದಣಿ ಕಡ್ಡಾಯವಾಯಿತು. ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಔಷಧದ ಹೆಸರು ಹಾಕಿ ಹುಡುಕಿ, ಎರಡು ಸಂಗತಿ ಗಮನಿಸಿ: ಮುಖ್ಯವಾಗಿ ಅಳೆಯುತ್ತೇವೆಂದು ಮೊದಲು ಬರೆದದ್ದೂ ಆಮೇಲೆ ವರದಿಯಲ್ಲಿ ಹೇಳಿದ್ದೂ ಒಂದೆಯೇ, ಮತ್ತು ಮುಗಿದು ವರ್ಷಗಳಾದರೂ ಫಲಿತಾಂಶ ಕಾಣದ ಪ್ರಯೋಗಗಳೆಷ್ಟು. ಇಷ್ಟೆಲ್ಲ ಮಾಡಲು ಬಿಡುವಿಲ್ಲದಿದ್ದರೆ ಕಾಕ್ರೇನ್ ಸಂಸ್ಥೆಯ ವಿಮರ್ಶೆಗಳ ಸರಳ ಸಾರಾಂಶದಿಂದ ಆರಂಭಿಸುವುದು ಒಳ್ಳೆಯದು. ಪ್ರಕಟವಾದದ್ದು, ಆಗದ್ದು ಎರಡನ್ನೂ ಹುಡುಕಿ ತೂಗುವ ಕೆಲಸವನ್ನು ಅವರು ಮಾಡುತ್ತಾರೆ.

ಕೊನೆಯ ಹೆಜ್ಜೆ: ಹಾಳೆಯನ್ನು ವೈದ್ಯರ ಬಳಿಗೆ ಒಯ್ಯಿರಿ

ಪ್ರಯೋಗದ ಲೆಕ್ಕ ಸರಾಸರಿಯದು; ನಿಮ್ಮ ಮೂತ್ರಪಿಂಡ, ಹೊಟ್ಟೆಹುಣ್ಣು, ಜೊತೆಗೆ ನುಂಗುವ ಇತರ ಮಾತ್ರೆಗಳು ಆ ಲೆಕ್ಕದಲ್ಲಿಲ್ಲ. ಅದನ್ನು ಸೇರಿಸಬಲ್ಲವರು ನಿಮ್ಮನ್ನು ನೋಡುತ್ತಿರುವ ವೈದ್ಯರು. ಅತ್ತೆ ಒಯ್ದ ಹಾಳೆಯಲ್ಲಿ ಮೇಲೆ ಅವರ ಪ್ರಶ್ನೆ, ಕೆಳಗೆ ನಾಲ್ಕು ಸಂಖ್ಯೆಗಳು, ಅದರ ಕೆಳಗೆ ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರಿದ್ದವು. ಆ ಪಟ್ಟಿಯಲ್ಲಿ ಮೊಣಕಾಲು ನೋವಿಗೆ ಔಷಧದಂಗಡಿಯಿಂದ ತಾವೇ ತರಿಸಿಕೊಳ್ಳುತ್ತಿದ್ದ ನೋವಿನ ಮಾತ್ರೆಯೂ ಇತ್ತು. ವೈದ್ಯರ ಬೆರಳು ಮೊದಲು ನಿಂತದ್ದು ಅದರ ಮೇಲೆ, ಏಕೆಂದರೆ ಆಸ್ಪಿರಿನ್ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಇನ್ನೂ ಹೆಚ್ಚು. ಅತ್ತೆಯ ಆಸ್ಪಿರಿನ್ ಅಂದೇ ನಿಂತಿತು.

ಈ ಹೆಜ್ಜೆಗಳನ್ನು ಅನುಸರಿಸುವಾಗ, ವೈದ್ಯರು ಬರೆದುಕೊಟ್ಟ ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಗಟ್ಟಿಯಾಗಿ ಜೀವಕ್ಕೆ ಕುತ್ತಾಗಬಹುದು. ಅತ್ತೆ ಮನೆಗೆ ಬಂದವರೇ ಇನ್ನೊಂದು ಸ್ಟೀಲ್ ಡಬ್ಬಿ ತೆಗೆದು, ಎರಡರ ಮುಚ್ಚಳಕ್ಕೂ ಬಿಳಿ ಟೇಪ್ ಅಂಟಿಸಿ, ಒಂದರ ಮೇಲೆ ತಮ್ಮ ಹೆಸರನ್ನೂ ಇನ್ನೊಂದರ ಮೇಲೆ ಮಾವನ ಹೆಸರನ್ನೂ ಬರೆದರು.